ಚಿತ್ರಹಿಂಸೆಗೆ ಮನಶ್ಶಾಸ್ತ್ರಜ್ಞರು ಕೈಜೋಡಿಸಬಾರದು

ಸಂಪಾದಕರಿಗೆ ನಮಸ್ಕಾರ.

ಹೋದ ವರ್ಷ ನನ್ನ ತಮ್ಮನನ್ನು ಬೆಳಗಾವಿಯಲ್ಲೇ ಒಬ್ಬ ಮನಶ್ಶಾಸ್ತ್ರಜ್ಞರ ಹತ್ತಿರ ಕರೆದುಕೊಂಡು ಹೋಗಿದ್ದೆ. ಮೂರು ತಿಂಗಳು ಮನೆಯಲ್ಲಿ ಯಾರ ಜೊತೆಗೂ ಸರಿಯಾಗಿ ಮಾತಾಡದವನು, ಅಲ್ಲಿ ಮೇಜಿನ ಅಂಚು ಉಜ್ಜುತ್ತಾ ಕೂತು, ಕತ್ತಲೆ ಕಂಡರೆ ಭಯ ಅಂತ ಮೆಲ್ಲಗೆ ಹೇಳಿದ. ಅವರು ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು.

ಅಂಥ ಭಯವನ್ನೇ ಹಿಡಿದು ಹಿಂಸಿಸಿದರೆ? ಅಮೆರಿಕದಲ್ಲಿ ಜೇಮ್ಸ್ ಮಿಚೆಲ್, ಬ್ರೂಸ್ ಜೆಸ್ಸೆನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಅಲ್ಲಿನ ಗುಪ್ತಚರ ಸಂಸ್ಥೆ ಸಿಐಎಗೆ, ಭಯೋತ್ಪಾದನೆ ಶಂಕೆಯ ಮೇಲೆ ಹಿಡಿದವರ ವಿಚಾರಣೆಯ ದಾರಿ ಹೇಳಿಕೊಟ್ಟರು. ನಿದ್ದೆಗೆಡಿಸುವುದು, ಇಕ್ಕಟ್ಟಾದ ಪೆಟ್ಟಿಗೆಯಲ್ಲಿ ಕೂಡಿಹಾಕುವುದು, ಮುಖಕ್ಕೆ ಬಟ್ಟೆ ಮುಚ್ಚಿ ಉಸಿರು ಕಟ್ಟುವಂತೆ ನೀರು ಸುರಿಯುವುದು. ಅಬು ಜುಬೇದಾ ಎಂಬ ಕೈದಿಗೆ 2002ರ ಆಗಸ್ಟ್ ಒಂದೇ ತಿಂಗಳಲ್ಲಿ 83 ಸಲ ಹೀಗೆ ನೀರು ಸುರಿದರು. ಅವನಿಗೆ ಹುಳ ಕಂಡರೆ ಹೆದರಿಕೆ ಅಂತ ಗುರುತಿಸಿ, ಪೆಟ್ಟಿಗೆಯೊಳಗೆ ಹುಳ ಬಿಡಲು ಲಿಖಿತ ಒಪ್ಪಿಗೆಯನ್ನೂ ಪಡೆದಿದ್ದರು, ಕೊನೆಗೆ ಬಿಡಲಿಲ್ಲ. ಆ ಇಬ್ಬರು ಮನಶ್ಶಾಸ್ತ್ರಜ್ಞರ ಕಂಪನಿಗೆ ಸಿಕ್ಕಿದ್ದು 8.1 ಕೋಟಿ ಡಾಲರ್. ಅಲ್ಲಿನ ಮನಶ್ಶಾಸ್ತ್ರಜ್ಞರ ಸಂಘ ಇಂಥ ವಿಚಾರಣೆಗಳಿಂದ ತನ್ನ ಸದಸ್ಯರು ದೂರ ಇರಬೇಕು ಅಂತ ನಿರ್ಧರಿಸಿದ್ದು 2015ರಲ್ಲಿ. ಬಹಳ ತಡ ಆಯ್ತು.

ದೂರದ ಮಾತು ಅನ್ನಬೇಡಿ. ಒಪ್ಪಿಗೆ ಇಲ್ಲದೆ ಮಂಪರು ಪರೀಕ್ಷೆ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದ ಸೆಲ್ವಿ ಪ್ರಕರಣ ಕರ್ನಾಟಕದ್ದೇ. ಆದರೂ ಟಿವಿಯಲ್ಲಿ ದೊಡ್ಡ ಕೇಸ್ ಬಂದಾಗಲೆಲ್ಲ ಇಲ್ಲಿನ ಚಹಾ ಅಂಗಡಿಯಲ್ಲಿ ‘ಮಂಪರು ಪರೀಕ್ಷೆ ಮಾಡಿಸ್ರಿ, ತಾನೇ ಬಾಯಿ ಬಿಡ್ತಾನ’ ಅನ್ನೋರೇ ಜಾಸ್ತಿ. ಚಿತ್ರಹಿಂಸೆ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿದೆ, ಆದರೆ ಅದಕ್ಕೆ ಬದ್ಧವಾಗುವಂತೆ ಇನ್ನೂ ಸ್ಥಿರೀಕರಿಸಿಲ್ಲ. ನಮ್ಮ ಕಾಲೇಜುಗಳಲ್ಲಿ ಮನಶ್ಶಾಸ್ತ್ರ ಓದುವ ಮಕ್ಕಳಿಗೆ ಇದನ್ನೆಲ್ಲ ಮೊದಲ ವರ್ಷದಲ್ಲೇ ಹೇಳಿಕೊಡಿ ಅಂತ ಅಧ್ಯಾಪಕರಲ್ಲಿ ಕೇಳಿಕೊಳ್ಳುತ್ತೇನೆ.

– ಓದುಗರೊಬ್ಬರು, ಬೆಳಗಾವಿ