ಯುಕೆಜಿ ಮಕ್ಕಳಿಗೆ ಲೇಸ್ ಶೂ ಯಾಕೆ?

ಸಂಪಾದಕರೇ,

ನನ್ನ ಮಗಳು ತುಮಕೂರಿನ ಒಂದು ಖಾಸಗಿ ಸ್ಕೂಲಲ್ಲಿ ಯುಕೆಜಿ ಓದ್ತಾಳೆ, ಅಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ಕಪ್ಪು ಲೇಸ್ ಶೂನೇ ಹಾಕ್ಬೇಕು, ಶನಿವಾರ ಬಿಳಿ ಕ್ಯಾನ್ವಾಸು, ಸ್ಯಾಂಡಲ್ ಹಾಕ್ಕೊಂಡು ಹೋದ್ರೆ ಡೈರಿಲಿ ಬರೆದು ಕಳಿಸ್ತಾರೆ. ಐದು ವರ್ಷದ ಮಗೂಗೆ ಲೇಸ್ ಕಟ್ಟೋಕೆ ಬರುತ್ತಾ? ಬೆಳಿಗ್ಗೆ ನಾನು ಗಟ್ಟಿಯಾಗಿ ಕಟ್ಟಿದ್ದು ಮಧ್ಯಾಹ್ನದ ಹೊತ್ತಿಗೆ ಬಿಚ್ಚಿರುತ್ತೆ, ಅವಳು ಅದನ್ನ ಶೂ ಒಳಗೇ ತುರುಕ್ಕೊಂಡು ಓಡಾಡ್ತಾಳೆ. ಹೋದ ವಾರ ಮೆಟ್ಟಿಲಲ್ಲಿ ತನ್ನ ಲೇಸನ್ನೇ ತುಳಿದು ಬಿದ್ದು ಗದ್ದ ಒಡ್ಕೊಂಡ್ಳು. ಮಳೆ ಬಂದ ದಿನವಂತೂ ಸಂಜೆವರೆಗೂ ಒದ್ದೆ ಸಾಕ್ಸಲ್ಲೇ ಕೂತಿರ್ತಾಳೆ, ಮನೆಗೆ ಬಂದು ಬಿಚ್ಚಿದ್ರೆ ಬೆರಳ ಸಂದಿಯೆಲ್ಲ ಬೆಳ್ಳಗೆ ಸುಕ್ಕುಗಟ್ಟಿರುತ್ತೆ, ರಾತ್ರಿಯೆಲ್ಲ ಕೆರ್ಕೊಂಡು ಅಳ್ತಾಳೆ, ನೋಡೋಕಾಗಲ್ಲ.

ಸರ್ಕಾರಿ ಶಾಲೆಗಳಲ್ಲಿ 1ರಿಂದ 10ನೇ ಕ್ಲಾಸಿನವರಿಗೆ ಒಂದು ಜೊತೆ ಕಪ್ಪು ಶೂ, ಎರಡು ಜೊತೆ ಬಿಳಿ ಸಾಕ್ಸ್ ಕೊಡ್ತಾರಲ್ಲ, ಅಲ್ಲೂ ಊರಿನ ಹವಾಮಾನ ನೋಡ್ಕೊಂಡು ಶೂ ಬದಲು ಸ್ಯಾಂಡಲ್ ಕೊಡೋಕೆ ಅವಕಾಶ ಇಟ್ಟಿದ್ದಾರೆ. ಅದೇ ಕಾಳಜಿ ಖಾಸಗಿ ಸ್ಕೂಲಿನವರಿಗೆ ಯಾಕಿಲ್ಲ? ಮಕ್ಕಳ ಕಾಲು ಬೇರೆ ಬೇಗ ಬೆಳೆಯುತ್ತೆ, ಜೂನಲ್ಲಿ ತಗೊಂಡ ಶೂ ಡಿಸೆಂಬರಿಗೆ ಟೈಟಾಗಿ ಹಿಮ್ಮಡಿ ಕಚ್ಚುತ್ತೆ, ಮತ್ತೆ ಅದೇ ಅಂಗಡಿಗೆ ಓಡ್ಬೇಕು.

ಎಲ್‌ಕೆಜಿ ಯುಕೆಜಿ ಮಕ್ಕಳಿಗಾದ್ರೂ ವೆಲ್ಕ್ರೋ ಪಟ್ಟಿ ಶೂ ಇಲ್ಲಾಂದ್ರೆ ಹಿಂದೆ ಬೆಲ್ಟ್ ಇರೋ ಸ್ಯಾಂಡಲ್ ಹಾಕೋಕೆ ಬಿಡಿ, ಮಳೆಗಾಲದಲ್ಲಿ ಸಾಕ್ಸ್ ಕಡ್ಡಾಯ ಮಾಡ್ಬೇಡಿ. ಶಿಕ್ಷಣ ಇಲಾಖೆ ಉಪನಿರ್ದೇಶಕರು (ಡಿಡಿಪಿಐ) ಸ್ಕೂಲಿನವರನ್ನ ಕರೆಸಿ ಇದನ್ನ ಒಂದು ಸಲ ಮಾತಾಡ್ಲಿ ಅಂತ ಕೈ ಮುಗಿದು ಕೇಳ್ಕೋತೀನಿ.

— ಒಬ್ಬ ತಾಯಿ, ಕ್ಯಾತ್ಸಂದ್ರ, ತುಮಕೂರು