ಹಲ್ಲು ಕೀಳುವ ಮುನ್ನ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ಸನ್ಮಾನ್ಯರೇ, ನಮಸ್ಕಾರ.

ಟ್ರೈಜೆಮಿನಲ್ ನ್ಯೂರಾಲ್ಜಿಯಾ ಎಂಬ ಮುಖದ ನರನೋವಿನ ವಿಷಯವಾಗಿ ಈ ಪತ್ರ ಬರೆಯುತ್ತಿದ್ದೇವೆ. ಇದಕ್ಕೆ ಮೊದಲು ಕೊಡಬೇಕಾದ ಮಾತ್ರೆ ಕಾರ್ಬಮಜೆಪೈನ್. ಹಳೆಯ ಔಷಧ, ಬೆಲೆ ಕಡಿಮೆ. ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿರುವ ಇದನ್ನು ಮೂರ್ಛೆರೋಗಕ್ಕೆ ಬಹುಕಾಲದಿಂದ ಕೊಡುತ್ತಾ ಬಂದಿದ್ದೇವೆ. ಆದರೂ ಈ ನೋವಿನ ಅನೇಕರು ಆ ಮಾತ್ರೆಯವರೆಗೆ ಬರುವಷ್ಟರಲ್ಲಿ ಒಂದೆರಡು ಗಟ್ಟಿ ದವಡೆ ಹಲ್ಲುಗಳನ್ನು ಕಳೆದುಕೊಂಡಿರುತ್ತಾರೆ. ಇದನ್ನು ನಿಲ್ಲಿಸುವುದು ನಿಮ್ಮ ಇಲಾಖೆಯ ಕೈಯಲ್ಲಿದೆ.

ಈ ನೋವು ಮುಖದ ಒಂದೇ ಬದಿಗೆ, ಹೆಚ್ಚಾಗಿ ಕೆನ್ನೆಗೆ ಅಥವಾ ಕೆಳದವಡೆಗೆ, ಕರೆಂಟು ಹೊಡೆದ ಹಾಗೆ ಬರುತ್ತದೆ. ಕೆಲವು ಸೆಕೆಂಡು, ಹೆಚ್ಚೆಂದರೆ 2 ನಿಮಿಷ. ಮುಖ ತೊಳೆದರೆ, ಹಲ್ಲುಜ್ಜಿದರೆ, ತುತ್ತು ಅಗಿದರೆ, ಮಾತಾಡಿದರೆ, ಬಸ್ಸಿನ ಕಿಟಕಿಯ ಗಾಳಿ ತಾಕಿದರೂ ಸಾಕು, ಮತ್ತೆ ಹೊಡೆಯುತ್ತದೆ. ಹಲ್ಲು, ಒಸಡು, ಕೆನ್ನೆ ಎಲ್ಲದರ ಸಂವೇದನೆಯನ್ನೂ ಒಯ್ಯುವುದು ಇದೇ ಐದನೆಯ ಕಪಾಲನರ. ಹಾಗಾಗಿ ನೋವು ಹಲ್ಲಿನಲ್ಲೇ ಇದೆ ಎಂದು ರೋಗಿಗೆ ಅನಿಸುವುದು ಸಹಜ. ಎಷ್ಟೋ ಸಲ ಕಿತ್ತುಬಿಡಿ ಎಂದು ಅವರೇ ಅಂಗಲಾಚುತ್ತಾರೆ. ಈ ರೋಗ ನಡುನಡುವೆ ವಾರಗಟ್ಟಲೆ, ತಿಂಗಳುಗಟ್ಟಲೆ ತಾನಾಗಿಯೇ ಸುಮ್ಮನಿರುವುದುಂಟು. ಹಲ್ಲು ಕಿತ್ತ ಮೇಲೆ ಅಂಥ ಬಿಡುವು ಬಂದರೆ ಎಲ್ಲರೂ ಗುಣವಾಯಿತೆಂದು ನಂಬುತ್ತಾರೆ. ನೋವು ಮರಳಿದಾಗ ಪಕ್ಕದ ಹಲ್ಲಿನ ಸರದಿ.

ದಂತವೈದ್ಯರನ್ನು ದೂರಲು ಇದನ್ನು ಹೇಳುತ್ತಿಲ್ಲ. ಈ ರೋಗ ಮೊದಲು ಬರುವುದೇ ಅವರ ಕುರ್ಚಿಗೆ, ಆದ್ದರಿಂದ ಮೊದಲ ಸುತ್ತೋಲೆ ಅವರಿಗೆ ಹೋಗಲಿ ಎನ್ನುತ್ತಿದ್ದೇವೆ. ಹುಳುಕು ಹಲ್ಲಿನ ನೋವು ತಣ್ಣೀರಿಗೆ, ಬಿಸಿ ಕಾಫಿಗೆ ಕೆರಳಿ ಬಹಳ ಹೊತ್ತು ಮಿಡಿಯುತ್ತದೆ, ರಾತ್ರಿ ಎಬ್ಬಿಸುತ್ತದೆ. ನರನೋವು ಚರ್ಮವನ್ನು ಹಗುರವಾಗಿ ಸವರಿದರೂ ಛಕ್ಕನೆ ಹೊಡೆದು ನಿಲ್ಲುತ್ತದೆ, ನಿದ್ದೆಯಲ್ಲಿ ಸಾಮಾನ್ಯವಾಗಿ ಕಾಡುವುದಿಲ್ಲ. ತಟ್ಟಿದರೆ ನೋಯದ, ಎಕ್ಸ್‌ರೇಯಲ್ಲಿ ತೊಂದರೆ ಕಾಣದ ಹಲ್ಲನ್ನು ಇಂಥ ನೋವಿಗಾಗಿ ಕೀಳಬಾರದು, ರೂಟ್ ಕೆನಾಲನ್ನೂ ಮಾಡಬಾರದು. ಸುತ್ತೋಲೆಯಲ್ಲಿ ಇಷ್ಟಿದ್ದರೂ ಸಾಕು.

ಗುರುತಿಸಿದ ಮೇಲೆ ಚಿಕಿತ್ಸೆ ತಾಲ್ಲೂಕು ಆಸ್ಪತ್ರೆಯಲ್ಲೇ ಶುರುವಾಗಲಿ. ಪ್ಯಾರಾಸಿಟಮಾಲ್, ಡೈಕ್ಲೋಫೆನಾಕ್ ಈ ನೋವನ್ನು ತಡೆಯುವುದಿಲ್ಲ. ಕಾರ್ಬಮಜೆಪೈನ್ 100 ಮಿ.ಗ್ರಾಂ ದಿನಕ್ಕೆ ಎರಡು ಹೊತ್ತು, ವಯಸ್ಸಾದವರಿಗೆ ಮೊದಲು ರಾತ್ರಿ ಒಂದೇ ಹೊತ್ತು. ಮೂರು ನಾಲ್ಕು ದಿನಕ್ಕೊಮ್ಮೆ 100 ಮಿ.ಗ್ರಾಂ ಏರಿಸಿ, ನೋವು ಹತೋಟಿಗೆ ಬಂದಲ್ಲಿ ನಿಲ್ಲಿಸಬೇಕು. ಹೆಚ್ಚಿನವರಿಗೆ ದಿನಕ್ಕೆ 400ರಿಂದ 800 ಮಿ.ಗ್ರಾಂ ಸಾಕಾಗುತ್ತದೆ. 1200 ಆದರೂ ತಗ್ಗದಿದ್ದರೆ ತಜ್ಞರ ಬಳಿಗೆ ಕಳಿಸಬೇಕು.

ಎಡವಟ್ಟಾಗುವುದು ಇಲ್ಲಿಂದ ಮುಂದೆ. "ನೋವು ಬಂದಾಗ ತಗೊಳ್ಳಿ" ಎಂದು ಕೊಟ್ಟರೆ ಈ ಮಾತ್ರೆ ಉಪಯೋಗಕ್ಕೆ ಬಾರದು. ಹೊತ್ತಿಗೆ ಸರಿಯಾಗಿ ದಿನವೂ ನುಂಗಬೇಕು. ಔಷಧದ ಕೌಂಟರಿನಲ್ಲಿ "ಇದು ಫಿಟ್ಸ್ ಮಾತ್ರೆ" ಎಂದದ್ದು ಕಿವಿಗೆ ಬಿದ್ದರೆ ಮನೆಯವರು ಹೆದರಿ ನಿಲ್ಲಿಸಿಬಿಡುತ್ತಾರೆ, ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದರಂತೂ ಕೇಳುವುದೇ ಬೇಡ. ಕೌಂಟರಿನವರಿಗೂ ಈ ರೋಗದ ಹೆಸರು ಗೊತ್ತಿರಬೇಕು. ಮೂರರಿಂದ ಐದು ವಾರದಲ್ಲಿ ಯಕೃತ್ತು ಈ ಔಷಧವನ್ನು ಮೊದಲಿಗಿಂತ ಬೇಗ ಕರಗಿಸಲು ಕಲಿಯುತ್ತದೆ, ನೋವು ಮತ್ತೆ ಇಣುಕುತ್ತದೆ. ಆಗ ಬೇಕಾದದ್ದು ಪ್ರಮಾಣದಲ್ಲಿ ಸ್ವಲ್ಪ ಏರಿಕೆ. ಔಷಧ ಸೋತಿತೆಂದು ಬಿಡಬಾರದು. ಅಗಿಯಲಾಗದವರು ಸಿಆರ್ ಮಾತ್ರೆಯನ್ನು, ಅಂದರೆ ಔಷಧವನ್ನು ನಿಧಾನವಾಗಿ ಬಿಡುವ ಮಾತ್ರೆಯನ್ನು, ಪುಡಿಮಾಡಿ ಕುಡಿದರೆ ಅದರಲ್ಲಿನ ಔಷಧವೆಲ್ಲ ಒಮ್ಮೆಲೇ ಏರಿ ತಲೆ ಸುತ್ತುತ್ತದೆ. ಅಂಥವರಿಗಾಗಿ 5 ಮಿ.ಲೀಗೆ 100 ಮಿ.ಗ್ರಾಂನ ಸಿರಪ್ ದಾಸ್ತಾನಿರಲಿ.

ರಕ್ತದ ಸೋಡಿಯಂ ಕುಸಿಯುವುದು ಇನ್ನೊಂದು ಅಪಾಯ, ಅದರಲ್ಲೂ ಬಿಪಿಗೆ ಮೂತ್ರ ಇಳಿಸುವ ಮಾತ್ರೆ ತಿನ್ನುವ ಹಿರಿಯರಲ್ಲಿ. ಅವರು ಮಂಕಾದರೆ, ತೂರಾಡಿ ಬಿದ್ದರೆ ವಯಸ್ಸಾಯಿತು ಎಂದು ಬಿಟ್ಟುಬಿಡುತ್ತೇವೆ. ಶುರುವಿಗೆ ಮುಂಚೆ ಒಮ್ಮೆ, ಎರಡರಿಂದ ನಾಲ್ಕು ವಾರದ ಮೇಲೆ ಒಮ್ಮೆ ಸೋಡಿಯಂ, ರಕ್ತಕಣ, ಯಕೃತ್ತಿನ ಪರೀಕ್ಷೆ ಆಗಲೇಬೇಕು. ಸರ್ಕಾರಿ ಆರೋಗ್ಯ ಕೇಂದ್ರ ಉಚಿತವಾಗಿ ಕೊಡುವ ಮಾಲಾ-ಎನ್ ಗರ್ಭನಿರೋಧಕ ಗುಳಿಗೆಯ ಶಕ್ತಿಯನ್ನೂ ಕಾರ್ಬಮಜೆಪೈನ್ ಕುಗ್ಗಿಸುತ್ತದೆ. ಆ ಹೆಣ್ಣುಮಕ್ಕಳಿಗೆ ಬೇರೆ ಗರ್ಭನಿರೋಧಕ ಹೇಳಬೇಕು.

ಎಲ್ಲಕ್ಕಿಂತ ಭಯಪಡಬೇಕಾದದ್ದು ಈ ಮಾತ್ರೆಯಿಂದ ಆಗಬಹುದಾದ ಚರ್ಮದ ತೀವ್ರ ಪ್ರತಿಕ್ರಿಯೆ. ಎಚ್‌ಎಲ್‌ಎ-ಬಿ 1502 ಎಂಬ ವಂಶವಾಹಿ ಗುರುತು ಇರುವ ಏಷ್ಯನ್ನರಲ್ಲಿ ಇದರ ಅಪಾಯ ಹೆಚ್ಚೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2007ರಲ್ಲೇ ಎಚ್ಚರಿಸಿತ್ತು. ಆ ಪರೀಕ್ಷೆ ಸಿಗುವಲ್ಲಿ ಮಾಡಿಸಬೇಕು. ಸಿಗದ ಕಡೆ ಪ್ರತಿ ರೋಗಿಯ ಕೈಗೂ ಕನ್ನಡದ ಚೀಟಿಯೊಂದನ್ನು ಕೊಡಲೇಬೇಕು: ಮೊದಲ ಮೂರು ತಿಂಗಳಲ್ಲಿ ಮೈಮೇಲೆ ದದ್ದು, ಜ್ವರ, ಬಾಯಿಹುಣ್ಣು, ಕಣ್ಣುರಿ ಕಂಡರೆ ಮಾತ್ರೆ ನಿಲ್ಲಿಸಿ, ಅದೇ ದಿನ ಆಸ್ಪತ್ರೆಗೆ ಬನ್ನಿ.

ಪ್ರತಿ ರೋಗಿಗೂ ಒಮ್ಮೆ ಎಂಆರ್‌ಐ ಬೇಕು. ಹೆಚ್ಚಿನವರಲ್ಲಿ ಮಿದುಳಿನ ಬುಡದಲ್ಲಿ ರಕ್ತನಾಳವೊಂದು ನರದ ಬೇರನ್ನು ಒತ್ತಿರುತ್ತದೆ. ಕೆಲವರಲ್ಲಿ ಗಡ್ಡೆಯೋ, ನರಗಳ ಹೊದಿಕೆ ಹಾಳಾಗುವ ಮಲ್ಟಿಪಲ್ ಸ್ಕ್ಲೆರೋಸಿಸ್ಸೋ ಇರುತ್ತದೆ. ನಲವತ್ತರೊಳಗಿನವರು, ಎರಡೂ ಬದಿ ನೋವಿರುವವರು, ಮುಖ ಜೋಮು ಹಿಡಿದವರು, ಕಿವಿ ಮಂದವಾದವರು ಕಾಯುವಂತಿಲ್ಲ. ಬರೀ "ಎಂಆರ್‌ಐ ಬ್ರೈನ್" ಎಂದು ಬರೆದರೆ ಆ ಒತ್ತಡ ಕಾಣದೇ ಹೋಗಬಹುದು. ನರ, ನಾಳಗಳನ್ನು ಸ್ಪಷ್ಟವಾಗಿ ತೋರಿಸುವ ತೆಳು ಪದರಗಳ ಸಿಸ್ (CISS) ಅಥವಾ ಫಿಯೆಸ್ಟಾ (FIESTA) ಎಂಬ ಎಂಆರ್‌ಐ ಚಿತ್ರಗಳು ಬೇಕೆಂದು ಕೋರಿಕೆ ನಮೂನೆಯಲ್ಲೇ ಅಚ್ಚಾಗಿರಲಿ.

ಮಾತ್ರೆಗೆ ಬಗ್ಗದವರಿಗೆ ಕಿವಿಯ ಹಿಂದೆ ತೆರೆದು, ನಾಳಕ್ಕೂ ನರಕ್ಕೂ ನಡುವೆ ಟೆಫ್ಲಾನ್ ತುಣುಕು ಇಡುವ ಶಸ್ತ್ರಚಿಕಿತ್ಸೆ ಇದೆ. ಹತ್ತು ವರ್ಷದ ಮೇಲೂ ಸುಮಾರು ಶೇ. 70 ಮಂದಿ ನೋವಿಲ್ಲದೆ ಇರುತ್ತಾರೆ. ಅದನ್ನು ತಾಳಲಾರದವರಿಗೆ ಕೆನ್ನೆಯ ಮೂಲಕ ಸೂಜಿ ಹಾಕಿ ನರವನ್ನು ಬಿಸಿಮಾಡುವ ರೇಡಿಯೋಫ್ರೀಕ್ವೆನ್ಸಿ, ಅದನ್ನು ಒತ್ತುವ ಬಲೂನ್ ಚಿಕಿತ್ಸೆಗಳಿವೆ. ಇವುಗಳಲ್ಲಿ ಮುಖ ಸ್ವಲ್ಪ ಜೋಮಾಗುತ್ತದೆ, ಮೊದಲೇ ಹೇಳಿರಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆಯಿದೆ. ಈ ಚಿಕಿತ್ಸೆಗಳನ್ನು ಅದರ ಯಾವ ಸಂಕೇತದಡಿ, ಯಾವ ಆಸ್ಪತ್ರೆಗೆ ಶಿಫಾರಸು ಮಾಡಬೇಕೆಂದು ಪ್ರತಿ ಜಿಲ್ಲಾಸ್ಪತ್ರೆಗೂ ಲಿಖಿತವಾಗಿ ತಿಳಿಸಿ. ನಿಮ್ಹಾನ್ಸ್ ಜೊತೆ ಸರ್ಕಾರ 2022ರಲ್ಲಿ ಆರಂಭಿಸಿದ ಮಿದುಳು ಆರೋಗ್ಯ ಕಾರ್ಯಕ್ರಮದ ತರಬೇತಿಯಲ್ಲಿ, ತಲೆನೋವಿನ ಪಾಠದ ಜೊತೆಗೇ ಇದಕ್ಕೂ ಒಂದು ಗಂಟೆ ಮೀಸಲಿಡಿ. ಅದಕ್ಕೆ ದಂತವೈದ್ಯರನ್ನೂ ಕರೆಯಿರಿ.

ಕಡೆಯದಾಗಿ ತುರ್ತು ಸ್ಥಿತಿ. ನೋವಿಗೆ ಹೆದರಿ ಎರಡು ಮೂರು ದಿನ ನೀರೂ ಕುಡಿಯದೆ ಬಂದವರನ್ನು ಹಲ್ಲಿನ ವಿಭಾಗದ ಸಾಲಿನಲ್ಲಿ ಕೂರಿಸಬಾರದು. ದಾಖಲಿಸಿ ಡ್ರಿಪ್ ಹಾಕಬೇಕು. ಮೂರ್ಛೆಗೆ ಬಳಸುವ ಫೆನಿಟಾಯಿನ್ ಚುಚ್ಚುಮದ್ದು ಇಲ್ಲಿಯೂ ಒದಗುತ್ತದೆ. ಇಸಿಜಿ, ಬಿಪಿ ನೋಡುತ್ತಾ ನಿಮಿಷಕ್ಕೆ 50 ಮಿ.ಗ್ರಾಂ ಮೀರದಂತೆ, ನಾರ್ಮಲ್ ಸಲೈನ್‌ನಲ್ಲೇ ಕೊಡಬೇಕು. ಗ್ಲೂಕೋಸ್ ಬಾಟಲಿಗೆ ಬೆರೆಸಿದರೆ ಅದು ಹರಳುಗಟ್ಟುತ್ತದೆ. ಈ ಸಾಲುಗಳು ತುರ್ತು ಕೊಠಡಿಯ ಗೋಡೆಯ ಮೇಲಿರಲಿ.

ಇಂತಿ,
ನರರೋಗ ಮತ್ತು ದಂತ ಚಿಕಿತ್ಸೆಯಲ್ಲಿ ತೊಡಗಿರುವ ವೈದ್ಯರು