ಮಳೆ ಲಿಲ್ಲಿ ಅರಳಿದ ಮೇಲೆ ಒಂದೂವರೆ ತಿಂಗಳು ಆ ಹುಲ್ಲು ಕತ್ತರಿಸಬೇಡಿ

ಮಾನ್ಯ ಸಂಪಾದಕರೇ,

ಈ ಸಲ ಭರಣಿ ಮಳೆ ಮೈಸೂರಿನಲ್ಲಿ ಚೆನ್ನಾಗಿಯೇ ಸುರಿಯಿತು. ಮಳೆ ಬಿದ್ದ ನಾಲ್ಕನೇ ದಿನ ಬೆಳಗ್ಗೆ ಎಂದಿನಂತೆ ನಮ್ಮ ಬಡಾವಣೆಯ ಪಾರ್ಕಿಗೆ ವಾಕಿಂಗ್ ಹೋದೆ. ಹಿಂದಿನ ದಿನದವರೆಗೂ ಬರೀ ಒಣ ಗರಿಕೆ ಇದ್ದ ಇಳಿಜಾರಿನಲ್ಲಿ ಗುಲಾಬಿ ಬಣ್ಣದ ಮಳೆ ಲಿಲ್ಲಿ ಎದ್ದು ನಿಂತಿತ್ತು. ಇನ್ನೂರು ಹೂವಾದರೂ ಇರಬೇಕು. ಗೇಣುದ್ದದ ತೊಟ್ಟು, ಅದರ ತುದಿಯಲ್ಲಿ ಒಂದೇ ಹೂವು, ಆರು ಎಸಳು, ಒಳಗೆ ಹಳದಿ ಪುಡಿ ಮೆತ್ತಿದ ಆರು ಕೇಸರ. ಏಳು ಗಂಟೆಗೆ ಹೋದಾಗ ಇನ್ನೂ ಮುದುಡಿಕೊಂಡಿದ್ದವು, ಬಿಸಿಲು ಬಿದ್ದ ಮೇಲೆ ನೋಡನೋಡುತ್ತಿದ್ದಂತೆ ಬಿಚ್ಚಿಕೊಂಡವು. ವಾಕಿಂಗ್ ಬಿಟ್ಟು ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತುಬಿಟ್ಟೆ.

ಆರನೇ ದಿನ ಬ್ರಷ್ ಕಟರ್ ಬಂತು. ನಾನು ಹೋಗುವಷ್ಟರಲ್ಲಿ ಇಳಿಜಾರು ಪೂರ್ತಿ ಬೋಳು. ಹುಲ್ಲು ಜಾಸ್ತಿ ಆಗಿದೆ, ಹಾವು ಬರುತ್ತೆ ಅಂತ ಯಾರೋ ದೂರು ಕೊಟ್ಟಿದ್ದರಂತೆ. ಮಷೀನ್ ಹಿಡಿದಿದ್ದ ಹುಡುಗನ ತಪ್ಪು ಏನೂ ಇಲ್ಲ. ಅವನಿಗೆ ಕತ್ತರಿಸು ಅಂದರು, ಅವನು ಕತ್ತರಿಸಿದ. ಅದು ಬರೀ ಹುಲ್ಲಲ್ಲ ಅಂತ ಅವನಿಗೆ ಹೇಳಿದವರೇ ಇಲ್ಲ. ಅದಕ್ಕೇ ಈ ಪತ್ರ.

ಹೂವು ಹೋಯಿತು ಅಂತ ನಾನು ಇಷ್ಟು ಬೇಜಾರು ಮಾಡಿಕೊಂಡಿದ್ದಲ್ಲ. ಮಳೆ ಲಿಲ್ಲಿ ಹೂವು ಹೇಗೂ ಒಂದೆರಡು ದಿನಕ್ಕಿಂತ ಜಾಸ್ತಿ ನಿಲ್ಲುವುದಿಲ್ಲ. ನನಗೆ ಸಂಕಟ ಆಗಿದ್ದು ಎಲೆ ಹೋಗಿದ್ದಕ್ಕೆ. ನೋಡುವುದಕ್ಕೆ ಆ ಎಲೆ ಹುಲ್ಲಿನ ಹಾಗೇ ಇರುತ್ತದೆ, ಸ್ವಲ್ಪ ದಪ್ಪ, ಸ್ವಲ್ಪ ಹೊಳಪು ಅಷ್ಟೇ, ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ನೆಲದೊಳಗಿನ ಗೆಡ್ಡೆಗೆ ಊಟ ಬರುವುದು ಆ ಎಲೆಯಿಂದಲೇ. ಹೂವು ಬಿಡುವಾಗ ಗೆಡ್ಡೆ ತಾನು ಕೂಡಿಟ್ಟಿದ್ದನ್ನು ಖರ್ಚು ಮಾಡುತ್ತದೆ. ಆಮೇಲೆ ಎಲೆ ಬಿಸಿಲು ಕುಡಿದು, ವಾರಗಟ್ಟಲೆ ದುಡಿದು, ಆ ಖರ್ಚನ್ನು ತುಂಬಿಕೊಡಬೇಕು. ತುಂಬುವ ಮೊದಲೇ ಎಲೆ ಸವರಿದರೆ ಮುಂದಿನ ಸಲದ ಹೂವಿಗೆ ಬಂಡವಾಳ ಎಲ್ಲಿಂದ ಬರಬೇಕು?

ಈರುಳ್ಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಸಿರು ಗರಿಯನ್ನು ಪದೇ ಪದೇ ಕುಯ್ದರೆ ಕೆಳಗೆ ಗೆಡ್ಡೆ ದಪ್ಪ ಆಗುತ್ತಾ? ಗರಿ ತಾನಾಗಿ ಬಾಡಿ ಕುತ್ತಿಗೆ ಬೀಳುವವರೆಗೆ ಕಾದು ಆಮೇಲೆ ತಾನೇ ಕೀಳುವುದು? ಮಳೆ ಲಿಲ್ಲಿಯೂ ಈರುಳ್ಳಿಯೂ ಒಂದೇ ಕುಟುಂಬದವು, ಬೆಳ್ಳುಳ್ಳಿಯೂ ಅದೇ ಕುಟುಂಬ. ನಮ್ಮಮ್ಮನ ತವರು ಶ್ರೀರಂಗಪಟ್ಟಣದ ಹತ್ತಿರದ ಹಳ್ಳಿ. ಅಲ್ಲಿ ಮನೆ ಹಿಂದೆ ಒಂದಿಷ್ಟು ಸುಗಂಧರಾಜ ಇತ್ತು. ನಾವು ಮಕ್ಕಳು ಆಟಕ್ಕೆ ಅದರ ಗರಿ ಕಿತ್ತರೆ ಅಮ್ಮ ಗದರುತ್ತಿದ್ದಳು, ಹೂವು ಬೇಕಾದರೆ ಕಿತ್ಕೋ, ಗರಿ ಮುಟ್ಟಬೇಡ ಅಂತ. ಆಗ ಅದು ಅರ್ಥವಾಗಿರಲಿಲ್ಲ.

ಕತ್ತರಿಸಿದ ಮಾರನೇ ದಿನ ನಾನು ಒಂದು ಗೆಡ್ಡೆಯನ್ನು ಕಡ್ಡಿಯಿಂದ ಮೆಲ್ಲಗೆ ಕೆದಕಿ ತೆಗೆದು ನೋಡಿದೆ. ಮೇಲೆ ಕಂದು ಬಣ್ಣದ ತೆಳು ಸಿಪ್ಪೆ, ಒಳಗೆ ಬಿಳಿ ಪದರ. ಬೆಳ್ಳುಳ್ಳಿ ಎಸಳಿನಷ್ಟೂ ಇರಲಿಲ್ಲ. ನಮ್ಮ ಮನೆ ಕುಂಡದಲ್ಲಿ ಇರುವುದೂ ಇದೇ ಜಾತಿ, ಏಳೆಂಟು ವರ್ಷದ ಹಿಂದೆ ಇದೇ ಪಾರ್ಕಿನಿಂದ ಮಾಲಿಯನ್ನು ಕೇಳಿ ತಂದದ್ದು. ಅದನ್ನು ಯಾರೂ ಕತ್ತರಿಸಿಲ್ಲ. ಅದರ ಗೆಡ್ಡೆ ಸಾಂಬಾರ್ ಈರುಳ್ಳಿಯಷ್ಟಿದೆ, ಪಕ್ಕದಲ್ಲಿ ಮೂರು ನಾಲ್ಕು ಮರಿ ಗೆಡ್ಡೆ. ನಾನು ತಂದ ವರ್ಷ ಪಾರ್ಕಿನ ಇಳಿಜಾರು ಪೂರ್ತಿ ಗುಲಾಬಿ ಬಣ್ಣಕ್ಕೆ ತಿರುಗುತ್ತಿತ್ತು. ಈಗ ಮೂಲೆಯಲ್ಲಿ ಇನ್ನೂರು ಹೂವು. ಅಲ್ಲಿಗೆ ಬ್ರಷ್ ಕಟರ್ ಬರಲು ಶುರುವಾಗಿದ್ದು ಅದಾದ ಮೇಲೆಯೇ.

ನಮ್ಮಕ್ಕನ ಮಗಳು ಇಂಗ್ಲೆಂಡಿನಲ್ಲಿ ಇದ್ದಾಳೆ. ಅಲ್ಲಿ ಚಳಿಗಾಲ ಮುಗಿದ ಕೂಡಲೇ, ಮಾರ್ಚ್ ಏಪ್ರಿಲ್‌ನಲ್ಲಿ, ರಸ್ತೆ ಬದಿಯ ಹುಲ್ಲಿನಲ್ಲಿ, ಪಾರ್ಕುಗಳಲ್ಲಿ ಹಳದಿ ಡ್ಯಾಫೊಡಿಲ್ ಅರಳುತ್ತದೆ. ಅದಕ್ಕೂ ಮೊದಲು ನೇರಳೆ, ಬಿಳಿ ಕ್ರೋಕಸ್. ಅವಳು ಫೋಟೋ ಕಳಿಸಿದಾಗ ನಾನು ಕೇಳಿದೆ, ಹೂವು ಬಾಡಿದ ಮೇಲೆ ಏನು ಮಾಡುತ್ತಾರೆ ಅಂತ. ಏನೂ ಮಾಡುವುದಿಲ್ಲವಂತೆ. ಹೂವು ಮುಗಿದು ಕಡೇಪಕ್ಷ 6 ವಾರ ಆ ಜಾಗದ ಹುಲ್ಲಿಗೆ ಮಷೀನ್ ಹಾಕಬಾರದು ಅನ್ನುವುದು ಅಲ್ಲಿ ತೋಟ ಮಾಡುವವರಿಗೆಲ್ಲ ಗೊತ್ತಿರುವ ನಿಯಮ. ಎಲೆ ಜೋತು ಬಿದ್ದು ಹಳದಿಯಾಗಿ ಅಸಹ್ಯವಾಗಿ ಕಂಡರೂ ಬಿಡುತ್ತಾರೆ. ಅದನ್ನು ಗಂಟು ಕಟ್ಟುವುದೂ ಬೇಡ ಅನ್ನುತ್ತಾರೆ, ಯಾಕೆಂದರೆ ಗಂಟು ಕಟ್ಟಿದರೆ ಎಲೆಗೆ ಬಿಸಿಲು ಸಿಗುವುದಿಲ್ಲ. ಡ್ಯಾಫೊಡಿಲ್‌ಗೆ ಚಳಿ ಬೇಕು, ಅದು ಮೈಸೂರಿಗೆ ಆಗಿಬರುವ ಗಿಡ ಅಲ್ಲ. ಆದರೆ ಅದರ ಗೆಡ್ಡೆ ಬದುಕುವ ರೀತಿಯೂ ನಮ್ಮ ಮಳೆ ಲಿಲ್ಲಿಯ ರೀತಿಯೂ ಒಂದೇ. ಅಲ್ಲಿ ಚಳಿ ಮುಗಿದದ್ದು ಅದಕ್ಕೆ ಗೊತ್ತಾಗುತ್ತದೆ, ಇಲ್ಲಿ ಬೇಸಿಗೆ ಮುಗಿದದ್ದು ಇದಕ್ಕೆ ಗೊತ್ತಾಗುತ್ತದೆ.

ನಿಜ ಹೇಳಬೇಕೆಂದರೆ ಮಳೆ ಲಿಲ್ಲಿಯೂ ಮೂಲತಃ ನಮ್ಮ ನೆಲದ್ದಲ್ಲ, ಅಮೆರಿಕ ಖಂಡದಿಂದ ಬಂದದ್ದು. ಅದರ ಶಾಸ್ತ್ರೀಯ ಹೆಸರು ಜೆಫಿರಾಂಥಸ್. ಗ್ರೀಕ್ ಭಾಷೆಯಲ್ಲಿ ಪಡುವಣ ಗಾಳಿಯ ಹೂವು ಅಂತ ಅರ್ಥ. ನಮ್ಮ ಮುಂಗಾರು ಬರುವುದೂ ಪಡುವಣದಿಂದಲೇ ಅಲ್ವಾ, ಹಾಗಾಗಿ ಆ ಹೆಸರು ನನಗೆ ತುಂಬ ಇಷ್ಟ. ನಮ್ಮ ನೆಲದವೇ ಬೇಕು ಅನ್ನುವವರಿಗೂ ಹೇಳುತ್ತೇನೆ, ಮೊದಲ ಮಳೆಗೆ ಹುಲ್ಲಿನ ನಡುವೆ ಹಳದಿ ನಕ್ಷತ್ರದ ಹಾಗೆ ನೆಲಕ್ಕೆ ಅಂಟಿಕೊಂಡು ಅರಳುವ ನೆಲತಾಳೆ ಇದೆ, ಬೇಲಿಯಲ್ಲಿ ಹಬ್ಬುವ ಅಗ್ನಿಶಿಖೆ ಇದೆ. ಬೇಸಿಗೆಯಲ್ಲಿ ಇವೂ ಗೆಡ್ಡೆಯಾಗಿ ನೆಲದೊಳಗೆ ಮಲಗಿರುತ್ತವೆ, ಮಳೆಗೆ ಏಳುತ್ತವೆ, ಎದ್ದ ಕೂಡಲೇ ಮಷೀನ್ ಬಂದರೆ ಇವೂ ಸೊರಗುತ್ತವೆ. ಮನೆಯಂಗಳದಲ್ಲಿ ಮೇ ತಿಂಗಳಿಗೆ ಕೆಂಪು ಚೆಂಡಿನ ಹಾಗೆ ಅರಳುವ ಫುಟ್‌ಬಾಲ್ ಲಿಲ್ಲಿ ಇರುವವರೂ ಗಮನಿಸಿ. ಅದರಲ್ಲಿ ಎಲೆ ಚೆನ್ನಾಗಿ ಬೆಳೆಯುವುದೇ ಹೂವಿನ ನಂತರ. ಹೂವು ಮುಗಿಯಿತಲ್ಲ ಅಂತ ಆ ಎಲೆ ಕುಯ್ದರೆ ಮುಂದಿನ ಮೇನಲ್ಲಿ ಚೆಂಡು ಬರುವುದಿಲ್ಲ.

ಹುಲ್ಲು ಕತ್ತರಿಸಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಮಿರ್ಜಾ ಇಸ್ಮಾಯಿಲ್ ಅವರ ಕಾಲದ ಬೃಂದಾವನ ನೋಡಿಕೊಂಡು ಬೆಳೆದವರು ನಾವು, ಒಪ್ಪವಾಗಿ ಕತ್ತರಿಸಿದ ಹುಲ್ಲು ನಮಗೂ ಇಷ್ಟ. ನಾನು ಕೇಳುತ್ತಿರುವುದು ಕತ್ತರಿಸುವ ದಿನವನ್ನು ಸ್ವಲ್ಪ ಆಚೀಚೆ ಮಾಡಿ ಅಂತ. ಮಾರ್ಚ್ ಕೊನೆಯಲ್ಲಿ, ಗೆಡ್ಡೆ ಮಲಗಿರುವಾಗ, ಎಷ್ಟು ಬೇಕಾದರೂ ಗಿಡ್ಡ ಮಾಡಿ. ಮೊದಲ ಮಳೆ ಬಿದ್ದ ಮೇಲೆ ಲಿಲ್ಲಿ ಇರುವ ಜಾಗವನ್ನು ಮಾತ್ರ ಬಿಡಿ. ಹೂವು ಮುಗಿದು ಒಂದೂವರೆ ತಿಂಗಳಾದ ಮೇಲೆ ಮಷೀನ್ ಹಾಕಿ, ಆಗಲೂ ನೆಲಕ್ಕೆ ತಾಗಿಸಿ ಸವರದೆ ಮೂರು ನಾಲ್ಕು ಇಂಚು ಎತ್ತರ ಬಿಟ್ಟು ಕತ್ತರಿಸಿ. ಮಳೆಗಾಲದಲ್ಲಿ ಎಂಟು ಹತ್ತು ದಿನ ಒಣಗಿ ಮತ್ತೆ ಮಳೆ ಬಂದರೆ ಮಳೆ ಲಿಲ್ಲಿ ಎರಡನೇ ಸಲ, ಮೂರನೇ ಸಲವೂ ಅರಳುತ್ತದೆ, ಅದನ್ನೂ ನೋಡಬಹುದು. ಯೂರಿಯಾ ಸುರಿಯಬೇಡಿ, ಹುಲ್ಲು ಸೊಕ್ಕಿ ಬೆಳೆದು ಲಿಲ್ಲಿಯನ್ನು ಮುಚ್ಚಿಬಿಡುತ್ತದೆ. ಗ್ಲೈಫೋಸೇಟ್‌ನಂಥ ಕಳೆನಾಶಕವಂತೂ ಬೇಡವೇ ಬೇಡ, ಅದು ಎಲೆಯಿಂದ ಗೆಡ್ಡೆಗೇ ಇಳಿಯುತ್ತದೆ.

ಹಾವಿನ ಭಯ ಸುಮ್ನೆ ಹೇಳುವ ಮಾತಲ್ಲ, ನಮ್ಮ ಕಡೆ ಹಾವು ಇದ್ದೇ ಇವೆ. ಅದಕ್ಕೆ ಮಕ್ಕಳು ಆಡುವ ಜಾಗ ಮತ್ತು ನಡೆಯುವ ದಾರಿಯ ಎರಡೂ ಬದಿ ಒಂದೊಂದು ಮಾರು ಗಿಡ್ಡ ಹುಲ್ಲು ಇರಲಿ. ಲಿಲ್ಲಿ ಇರುವ ಒಂದು ಮೂಲೆ ಬಿಟ್ಟರೆ ಸಾಕು. ಸೊಳ್ಳೆ ಅಂತ ಹೇಳುವವರಿಗೆ, ಸೊಳ್ಳೆ ಮೊಟ್ಟೆ ಇಡುವುದು ನಿಂತ ನೀರಿನಲ್ಲಿ. ಪಾರ್ಕಿನ ಒಡೆದ ನಲ್ಲಿ ಕೆಳಗಿನ ಗುಂಡಿಯನ್ನು ಮೊದಲು ಮುಚ್ಚಿಸೋಣ. ಇನ್ನೊಂದು ಮಾತು, ಮಳೆ ಲಿಲ್ಲಿ ಗೆಡ್ಡೆ ವಿಷ. ತಿಂದರೆ ವಾಂತಿ ಆಗುತ್ತದೆ. ನೋಡಲು ಸಣ್ಣ ಈರುಳ್ಳಿಯ ಹಾಗೆ ಇರುವುದರಿಂದ ಮಕ್ಕಳ ಕೈಗೆ ಕೊಡಬೇಡಿ, ನಾಯಿ ಕೆದಕದ ಹಾಗೆ ನೋಡಿಕೊಳ್ಳಿ.

ಕಳೆದ ಭಾನುವಾರ ನಾವು ಐದಾರು ಜನ ಸೇರಿ ಆ ಮೂಲೆಗೆ ನಾಲ್ಕು ಗೂಟ ಹೊಡೆದು ಹಗ್ಗ ಕಟ್ಟಿದ್ದೇವೆ. ಒಂದು ರಟ್ಟಿನ ಮೇಲೆ "ಒಳಗೆ ಲಿಲ್ಲಿ ಗೆಡ್ಡೆ ಇದೆ, ಜುಲೈವರೆಗೆ ಕತ್ತರಿಸಬೇಡಿ" ಅಂತ ಬರೆದು ಪ್ಲಾಸ್ಟಿಕ್ ಹೊದಿಸಿ ನೇತುಹಾಕಿದ್ದೇವೆ. ಮಷೀನ್ ಹುಡುಗನನ್ನು ಕರೆದು ಎಲೆ ತೋರಿಸಿದೆ. ಅವನು ಬಗ್ಗಿ, ಹುಲ್ಲು ಯಾವುದು ಲಿಲ್ಲಿ ಯಾವುದು ಅಂತ ಬೆರಳಲ್ಲಿ ಬಿಡಿಸಿ ನೋಡಿ, ಇನ್ನೊಂದು ಪಾರ್ಕಿನಲ್ಲೂ ಇದೇ ಇದೆ ಮೇಡಂ ಅಂದ. ಪಾಲಿಕೆಯವರು ಎಲ್ಲ ಪಾರ್ಕುಗಳ ಮಾಲಿಗಳಿಗೂ ಹೀಗೆ ಒಮ್ಮೆ ತೋರಿಸಿಕೊಡಬೇಕು ಅಂತ ಕೇಳಿಕೊಳ್ಳುತ್ತೇನೆ. ರೋಹಿಣಿ ಮಳೆ ಹತ್ತಿರ ಬಂತು. ಅಷ್ಟರೊಳಗೆ ಆದರೆ ಒಳ್ಳೆಯದು.

– ಒಬ್ಬ ಓದುಗಳು, ಕುವೆಂಪುನಗರ, ಮೈಸೂರು